ಜಾಥಾಕ್ಕಿಂತ ಮೊದಲು ಮಾತ್ರೆಯ ದಾಸ್ತಾನು ಕೇಳಿ

ಬೈಂದೂರು ಕಡೆಯ ಸ್ವಸಹಾಯ ಸಂಘದ ಎಂಟು ಮಂದಿ ಮಹಿಳೆಯರು ಸೇರಿ, ಕುಡಿತದ ಚಟ ಮತ್ತು ಮಾನಸಿಕ ಕಾಯಿಲೆಗೆ ಊರಿನವರಿಗೆ ಸರಿಯಾದ ಚಿಕಿತ್ಸೆ ಸಿಗುವಂತೆ ಮಾಡಲು ಎಲ್ಲಿಂದ ಆರಂಭಿಸಬೇಕು, ಒಂದು ಜಾಗೃತಿ ಜಾಥಾ ಮಾಡಿದರೆ ಸಾಕೇ ಎಂದು ಕೇಳಿದ್ದೀರಿ. ಜಾಥಾದಿಂದ ಆರಂಭಿಸಬೇಡಿ ಎಂಬುದು ನನ್ನ ಅನುಭವದ ಮಾತು. ನಿಮಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ, ಅವರು ಬರೆದುಕೊಟ್ಟ ಮಾತ್ರೆ ಅಲ್ಲೇ ಸಿಗುತ್ತದೆಯೇ ಎಂಬ ಎರಡು ಪ್ರಶ್ನೆಗಳಿಂದ ಆರಂಭಿಸಿ.

ನಾನು ಮಲ್ಪೆ ಸಮೀಪದವಳು. ನನ್ನ ಅಣ್ಣ ಬೋಟಿಗೆ ಹೋಗುತ್ತಿದ್ದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳೂ ಅವನು ಮನೆಯಲ್ಲೇ ಇರುತ್ತಿದ್ದ. ಅಂಥ ಒಂದು ಮಳೆಗಾಲದಲ್ಲಿ, ಕೈಯಲ್ಲಿ ದುಡ್ಡೂ ಇಲ್ಲದೆ, ಅಮ್ಮನಿಗೆ ಮಾತು ಕೊಟ್ಟು ಒಮ್ಮೆಲೇ ಕುಡಿತ ನಿಲ್ಲಿಸಿದ. ಮನೆಯವರೆಲ್ಲ ಸಂತೋಷಪಟ್ಟೆವು. ಮರುದಿನ ಬೆಳಿಗ್ಗೆ ಗಂಜಿಯ ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದರೂ ತಿಳಿ ಎದೆಯ ಮೇಲೆ ಚೆಲ್ಲುತ್ತಿತ್ತು. ಮೂರನೆಯ ರಾತ್ರಿ, ಸಿಕ್ಕುಬಿದ್ದ ಬಲೆಯನ್ನು ಬಿಡಿಸುವವನಂತೆ ಗೋಡೆಯ ಮೇಲೆ ಬೆರಳಾಡಿಸುತ್ತಾ, ಕೋಣೆಯೊಳಗೆ ನೀರು ನುಗ್ಗುತ್ತಿದೆ ಎಂದು ಕೂಗಿಕೊಂಡ. ದೆವ್ವದ ಸೋಂಕು ತಗಲಿದೆ, ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿ ಎಂದರು ನೆರೆಯವರು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವವೇ ಹೋಗಬಹುದು. ವೈದ್ಯರ ನಿಗಾದಲ್ಲಿ ಕೆಲವು ದಿನ ಮಾತ್ರೆ ಮತ್ತು ಬಿ1 ಜೀವಸತ್ವ ಕೊಟ್ಟರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಇದು ನಮಗಾರಿಗೂ ತಿಳಿದಿರಲಿಲ್ಲ. ಯಾರೋ ಹೇಳಿದ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಫೋನು ಮಾಡಿದೆವು. ಅವರು ರಾತ್ರಿ ಜೀಪಿನಲ್ಲಿ ಬಂದು, ಕೈಕಟ್ಟಿ ಕರೆದುಕೊಂಡು ಹೋದರು. ಅಲ್ಲಿ ವೈದ್ಯರೇ ಇರಲಿಲ್ಲವೆಂಬುದು, ಒಂದು ತಿಂಗಳು ಮುಖ ನೋಡಲೂ ಬಿಡದೆ ಅವನನ್ನು ಮನೆಗೆ ಕಳುಹಿಸಿದ ಮೇಲೆ, ಅವನ ಮುಂಗೈಯ ಹಗ್ಗದ ಕಲೆ ನೋಡಿ ವಿಚಾರಿಸಿದಾಗ ತಿಳಿಯಿತು. ಹದಿನೈದು ದಿನಗಳಲ್ಲಿ ಮತ್ತೆ ಕುಡಿಯತೊಡಗಿದ.

ಆ ಕಲೆಯನ್ನು ನೋಡಿದ ಮೇಲೆ ನಾನು ಕಾನೂನು ಓದಿದೆ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಆದ್ದರಿಂದ ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಕೇಂದ್ರ ನೋಂದಣಿಯಾಗಿರಲೇಬೇಕು. ಇಲ್ಲದಿದ್ದರೆ ಮೊದಲ ಸಲವೇ 5,000ದಿಂದ 50,000 ರೂಪಾಯಿಯವರೆಗೆ ದಂಡವಿದೆ. ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು 95ನೇ ಕಲಂ ಯಾವ ರೂಪದಲ್ಲೂ ಒಪ್ಪುವುದಿಲ್ಲ. ನಿಮ್ಮೂರಿನಿಂದ ಯಾರನ್ನಾದರೂ ಎಲ್ಲಿಗಾದರೂ ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳಿ, ವೈದ್ಯರು ಯಾರು ಎಂದು ಕೇಳಿ. ನಾವು ಕೇಳಲಿಲ್ಲ, ಆ ನೋವು ನನಗೆ ಇಂದಿಗೂ ಇದೆ.

ಆದರೆ ಕೆಟ್ಟ ಕೇಂದ್ರಗಳನ್ನು ಮುಚ್ಚಿಸುವುದರಿಂದಲೇ ಚಿಕಿತ್ಸೆ ಸಿಕ್ಕಿಬಿಡುವುದಿಲ್ಲ. ಜನ ಅಂಥಲ್ಲಿಗೆ ಹೋಗುವುದು ಹತ್ತಿರದಲ್ಲಿ ಬೇರೆ ದಾರಿ ಕಾಣದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆಯುಳ್ಳ ನೂರರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಅದೇ ಕಾಯ್ದೆಯ 18ನೇ ಕಲಂ, ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ರೋಗಿಗಳಿಗೆ ಸದಾಕಾಲ ಉಚಿತವಾಗಿ ಸಿಗಬೇಕು ಎನ್ನುತ್ತದೆ. ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಟ್ಟು ತೋರಿಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದ್ದರಿಂದ ಹತ್ತಿರದ ಆಸ್ಪತ್ರೆಯಲ್ಲಿ ಚಿಕಿತ್ಸೆ, ಮಾತ್ರೆ ಕೇಳುವಾಗ ನೀವು ಉಪಕಾರ ಬೇಡುತ್ತಿಲ್ಲ.

ನಾವು ಐದು ಮನೆಯವರು ಮಾಡಿದ್ದು ಇಷ್ಟೇ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳುಹಿಸುವ ಮನೋಚೈತನ್ಯ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ ಎಂದು ತಿಳಿದು, ಪ್ರತಿ ಮಂಗಳವಾರ ಸರದಿಯಂತೆ ಒಬ್ಬರು ಆಸ್ಪತ್ರೆಯಲ್ಲಿ ಕುಳಿತೆವು. ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ, ವೈದ್ಯರು ಬಂದ ಹೊತ್ತು, ಕಾದವರ ಸಂಖ್ಯೆ, ಚೀಟಿಯಲ್ಲಿದ್ದು ಕೌಂಟರಿನಲ್ಲಿ ಸಿಗದ ಮಾತ್ರೆ, ಅದಕ್ಕೆ ಹೊರಗಿನ ಮೆಡಿಕಲ್‌ನಲ್ಲಿ ಕೊಟ್ಟ ಹಣ, ಇವನ್ನು ಬರೆದೆವು. ಮೂರು ತಿಂಗಳ ಬಳಿಕ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಡಿ ಆ ಮಾತ್ರೆಗಳ ದಾಸ್ತಾನು ವಹಿಯ ಮತ್ತು ಇಂಡೆಂಟಿನ (ಮಾತ್ರೆ ಕಳುಹಿಸಿ ಎಂದು ಆಸ್ಪತ್ರೆ ಬರೆಯುವ ಬೇಡಿಕೆ ಪತ್ರದ) ಪ್ರತಿ ಕೇಳಿದೆವು. ಅದಕ್ಕೆ 30 ದಿನಗಳೊಳಗೆ ಉತ್ತರ ಕೊಡಬೇಕು. ಎರಡು ಮಾತ್ರೆಗಳಿಗೆ ಇಂಡೆಂಟೇ ಹೋಗಿರಲಿಲ್ಲವೆಂದು ಉತ್ತರದಿಂದ ಗೊತ್ತಾಯಿತು. ಔಷಧ ಇಲ್ಲ ಎಂದು ವರ್ಷವಿಡೀ ಕೂಗಿದ್ದಕ್ಕೆ ಸಿಗದ ಕಿವಿ, ನೋಟ್‌ಬುಕ್ಕನ್ನೂ ಆ ಪ್ರತಿಯನ್ನೂ ಮೇಜಿನ ಮೇಲೆ ಇಟ್ಟಾಗ ಸಿಕ್ಕಿತು. ಒಂದು ಮಾತ್ರೆ ಮುಂದಿನ ತಿಂಗಳೇ ಬಂತು. ಇನ್ನೊಂದಕ್ಕೆ ಈಗಲೂ ಓಡಾಡುತ್ತಿದ್ದೇವೆ. ಅಣ್ಣ ತಿಂಗಳಿಗೊಮ್ಮೆ ಅದೇ ಸರದಿಯಲ್ಲಿ ನಿಲ್ಲುತ್ತಾನೆ. ನಡುವೆ ಎರಡು ಸಲ ಕುಡಿದ. ಸಕ್ಕರೆ ಕಾಯಿಲೆ ಏರಿಳಿದರೆ ಹೇಗೋ ಹಾಗೆಯೇ ಅದನ್ನೂ ನೋಡಬೇಕೆಂದು ಅಲ್ಲಿನ ವೈದ್ಯರು ನಮಗೆ ಕಲಿಸಿದರು.

ಮದ್ಯವರ್ಜನ ಶಿಬಿರಗಳ ಬಗ್ಗೆಯೂ ಕೇಳಿದ್ದೀರಿ. ನಮ್ಮ ಜಿಲ್ಲೆಗಳಲ್ಲಿ ಅವುಗಳಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ, ನನಗೆ ಗೌರವವಿದೆ. ಶಿಬಿರ ಮುಗಿಸಿ ಬಂದವರನ್ನು ವೈದ್ಯರ ಸರದಿಗೂ ಕರೆತರುವ ಕೆಲಸವನ್ನು ನಿಮ್ಮ ಸಂಘ ಹೊತ್ತರೆ ದೊಡ್ಡ ಉಪಕಾರವಾದೀತು. ಆದರೆ ಕುಡಿತ ಬಿಡಿಸುವ ಔಷಧಿಯೆಂದು ಸಾರಿನಲ್ಲಿ ಗುಟ್ಟಾಗಿ ಏನನ್ನೂ ಬೆರೆಸಬಾರದೆಂದು ಮನೆಮನೆಗೆ ಹೇಳಿ; ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಎಂಬ ಮಾತ್ರೆಯನ್ನು ತಿಳಿಯದೆ ಸೇವಿಸಿದವರು ಅದರ ಮೇಲೆ ಕುಡಿದರೆ ಪ್ರಾಣಾಪಾಯವಿದೆ.

ಈಗಲೇ ತುರ್ತಾಗಿ ಯಾರಿಗಾದರೂ ಸಲಹೆ ಬೇಕಿದ್ದರೆ 2022ರ ಅಕ್ಟೋಬರ್ 10ರಂದು ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಕೈ ನಡುಕದ ಜೊತೆಗೆ ಫಿಟ್ಸ್ ಅಥವಾ ಭ್ರಮೆ ಕಂಡರೆ ಕರೆಗೂ ಕಾಯದೆ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಯಾರನ್ನಾದರೂ ಅಕ್ರಮವಾಗಿ ಕೂಡಿಹಾಕಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಬರೆಯಿರಿ. ಕಾಯ್ದೆಯ 27ನೇ ಕಲಂ ಮಾನಸಿಕ ರೋಗಿಗಳಿಗೆ ಉಚಿತ ಕಾನೂನು ನೆರವಿನ ಹಕ್ಕು ಕೊಟ್ಟಿದೆ.

ಬರುವ ಮಂಗಳವಾರ ನೋಟ್‌ಬುಕ್ ಹಿಡಿದು ಹೋಗುವಾಗ ಅದರಲ್ಲಿ ರೋಗಿಗಳ ಹೆಸರನ್ನು ಬರೆಯಲೇಬೇಡಿ, ಸರದಿಯ ಫೋಟೋವನ್ನೂ ತೆಗೆಯಬೇಡಿ. ದಿನಾಂಕ, ಹೊತ್ತು, ಮಾತ್ರೆಯ ಹೆಸರು, ಕೊಟ್ಟ ಹಣ, ಇಷ್ಟಿದ್ದರೆ ಅರ್ಜಿಗೆ ಸಾಕು.