ಓದುಗರ ಪ್ರಶ್ನೆ: ನೀರು ಕುದಿಸಲು ಕೆಟಲ್ಲೋ, ಒಲೆಯೋ?

ಪ್ರಶ್ನೆ: ಮನೆಯಲ್ಲಿ ಗ್ಯಾಸ್ ಒಲೆ, ಇಂಡಕ್ಷನ್ ಒಲೆ, ಮೈಕ್ರೋವೇವ್ ಮೂರೂ ಇವೆ. ದಿನಕ್ಕೆ ನಾಲ್ಕೈದು ಸಲ ನೀರು ಕುದಿಸುತ್ತೇವೆ. ಇದಕ್ಕೆಂದೇ ಎಲೆಕ್ಟ್ರಿಕ್ ಕೆಟಲ್ ಕೊಂಡರೆ ನಿಜಕ್ಕೂ ಉಳಿತಾಯವಾಗುತ್ತದೆಯೇ?

ಉತ್ತರ: ಒಂದು ಲೀಟರ್ ನೀರು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕಾದರೆ ಅದಕ್ಕೆ ಸುಮಾರು 314 ಕಿಲೋಜೂಲ್ ಶಾಖ ಸೇರಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಇದು 0.087 ಯೂನಿಟ್. ಯಾವ ಒಲೆ ತಂದರೂ ಈ ಶಾಖದಲ್ಲಿ ಚೂರೂ ರಿಯಾಯಿತಿ ಸಿಗದು. ಇದರ ಮೇಲೆ ಎಷ್ಟು ಪೋಲಾಗುತ್ತದೆ ಎಂಬುದರಲ್ಲಿ ಮಾತ್ರ ಒಲೆಗೂ ಒಲೆಗೂ ವ್ಯತ್ಯಾಸ.

ಕೆಟಲ್‌ನ ಎಲಿಮೆಂಟ್ ನೀರಿನೊಳಗೇ ಮುಳುಗಿರುತ್ತದೆ, ಇಲ್ಲವೇ ನೀರು ನಿಂತ ತಳದ ತಟ್ಟೆಗೆ ಬೆಸೆದುಕೊಂಡಿರುತ್ತದೆ. ಹುಟ್ಟಿದ ಕಾವಿಗೆ ನೀರಿನ ಹೊರತು ಬೇರೆ ದಾರಿ ಕಡಿಮೆ. ಹಾಗಾಗಿ ಶೇ. 80ರಿಂದ 90ರಷ್ಟು ನೀರಿಗೇ ಸೇರುತ್ತದೆ. ಇಂಡಕ್ಷನ್ ಒಲೆಯಲ್ಲಿ ಕಾವು ಪಾತ್ರೆಯ ತಳದಲ್ಲೇ ಹುಟ್ಟಿದರೂ ಒಳಗಿನ ಸುರುಳಿ, ಸರ್ಕಿಟ್, ಫ್ಯಾನ್ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಸರಿಯಾದ ಪಾತ್ರೆ ಇದ್ದರೆ ಶೇ. 75ರಿಂದ 85 ಸಿಗುತ್ತದೆ. ಮೈಕ್ರೋವೇವ್‌ನಲ್ಲಿ ವಿದ್ಯುತ್ತನ್ನು ಅಲೆಗಳಾಗಿ ಬದಲಿಸುವ ಹಂತದಲ್ಲೇ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಷ್ಟ. ಕೊನೆಗೆ ನೀರಿಗೆ ಮುಟ್ಟುವುದು ಅರ್ಧದ ಆಸುಪಾಸು. ಗ್ಯಾಸ್ ಉರಿಯ ಬಿಸಿಗಾಳಿ ಪಾತ್ರೆಯ ಪಕ್ಕ ಸವರಿಕೊಂಡು ಮೇಲೆ ಹೋಗಿಬಿಡುತ್ತದೆ. ಅಗಲ ತಳದ ಪಾತ್ರೆಗೆ ಶೇ. 60 ದಾಟಬಹುದು, ಕಿರಿದಾದ ಸಣ್ಣ ಪಾತ್ರೆಗೆ 40ರ ಕೆಳಗೂ ಇಳಿಯಬಹುದು.

ಮೂರು ಲೋಟ ನೀರಿನ ತನಕದ ಕೆಲಸಕ್ಕೆ ಕೆಟಲ್ಲೇ ಮೇಲು. ಆದರೆ ನಿಮ್ಮಲ್ಲಿ ಇಂಡಕ್ಷನ್ ಆಗಲೇ ಇದೆ. ಮುಚ್ಚಳವಿರುವ, ತಳ ಸಪಾಟಾದ ಪಾತ್ರೆಯಲ್ಲಿ ಬೇಕಾದಷ್ಟೇ ನೀರಿಟ್ಟು, ಕುದಿ ಬಂದ ಕೂಡಲೇ ಆರಿಸುವ ಅಭ್ಯಾಸವಿದ್ದರೆ ಕೆಟಲ್‌ನಿಂದ ಸಿಗುವ ಹೆಚ್ಚುವರಿ ಉಳಿತಾಯ ತೀರಾ ಸಣ್ಣದು. ಆ ಅಭ್ಯಾಸವಿಲ್ಲದ ಮನೆಯಲ್ಲಿ ಕೆಟಲ್‌ನ ದೊಡ್ಡ ಗುಣ ತಾನಾಗಿ ಆರುವುದು.

ಗ್ಯಾಸ್ ಬಿಟ್ಟು ವಿದ್ಯುತ್ತಿಗೆ ಬಂದರೆ ಖರ್ಚು ಇಳಿಯುತ್ತದೆಯೇ ಎಂದು ನೋಡಲು ಒಂದು ಲೆಕ್ಕ: ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 12.8 ಯೂನಿಟ್‌ನಷ್ಟು ಶಾಖವಿದೆ. ಒಲೆಯಲ್ಲಿ ಅರ್ಧದಷ್ಟು ನೀರಿಗೆ ಸೇರಿದರೆ 6.4 ಯೂನಿಟ್. ಅಷ್ಟೇ ಕೆಲಸವನ್ನು ಕೆಟಲ್ ಸುಮಾರು 7.5 ಯೂನಿಟ್‌ನಲ್ಲಿ ಮಾಡುತ್ತದೆ. ನಿಮ್ಮ ಬಿಲ್ಲಿನಲ್ಲಿ 7.5 ಯೂನಿಟ್‌ನ ಬೆಲೆ ಒಂದು ಕಿಲೋ ಅನಿಲದ ಬೆಲೆಗಿಂತ ಕಡಿಮೆಯಿದ್ದರೆ ಕೆಟಲ್ ಅಗ್ಗ, ಇಲ್ಲದಿದ್ದರೆ ಗ್ಯಾಸ್. ಪರಿಸರದ ದೃಷ್ಟಿಯಿಂದ ನೋಡುವವರು ಇನ್ನೊಂದನ್ನೂ ಮರೆಯಬಾರದು: ಕಲ್ಲಿದ್ದಲಿನ ಸ್ಥಾವರದಲ್ಲಿ ಇಂಧನದ ಶಾಖದ ಮೂರನೇ ಒಂದು ಭಾಗದಷ್ಟು ಮಾತ್ರ ವಿದ್ಯುತ್ತಾಗುತ್ತದೆ. ಅಂಥ ವಿದ್ಯುತ್ತಿನಿಂದ ನಡೆಯುವ ಕೆಟಲ್‌ಗಿಂತ ಮುಚ್ಚಿದ ಪಾತ್ರೆಯ ಕೆಳಗಿನ ಗ್ಯಾಸ್ ಉರಿಯೇ ಒಟ್ಟಾರೆ ಕಡಿಮೆ ಇಂಧನ ಸುಡುತ್ತದೆ. ಮನೆ ಮೇಲೆ ಸೌರಫಲಕ ಇದ್ದವರಿಗೆ ಈ ಪ್ರಶ್ನೆಯೇ ಬರುವುದಿಲ್ಲ.

ಪ್ರಶ್ನೆ: 1000 ವಾಟ್ ಮತ್ತು 2000 ವಾಟ್ ಕೆಟಲ್‌ಗಳಲ್ಲಿ ಯಾವುದು ಕಡಿಮೆ ವಿದ್ಯುತ್ ತಿನ್ನುತ್ತದೆ?

ಉತ್ತರ: ಹೆಚ್ಚು ವಾಟ್‌ನದೇ ಒಂದು ಕೂದಲೆಳೆ ಮುಂದೆ. ಬೇಗ ಕುದಿಸುವುದರಿಂದ ಮೈಯಿಂದ ಹೊರಗೆ ಸೋರುವ ಕಾವಿಗೆ ಸಮಯ ಸಿಗುವುದಿಲ್ಲ. ಆದರೆ ವಾಟನ್ನು ವೋಲ್ಟಿನಿಂದ ಭಾಗಿಸಿ ಆಂಪಿಯರ್ ನೋಡಿಕೊಳ್ಳಿ. 230 ವೋಲ್ಟ್‌ಗೆ 2000 ವಾಟ್ ಎಂದರೆ 8.7 ಆಂಪಿಯರ್, 1500 ವಾಟ್‌ಗೂ 6.5 ಆಂಪಿಯರ್. 6 ಆಂಪಿಯರ್ ಸಾಕೆಟ್ಟಿಗೆ, ತೆಳ್ಳಗಿನ ಎಕ್ಸ್‌ಟೆನ್ಷನ್ ವೈರಿಗೆ ಇವೆರಡನ್ನೂ ಸಿಕ್ಕಿಸಬಾರದು. ಬಳಸಿದ ಮೇಲೆ ಪ್ಲಗ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಸಾಕೆಟ್ಟಿನ ಹಿಡಿತ ಸಡಿಲವಾಗಿದೆ ಎಂದರ್ಥ, ಬದಲಿಸಿ.

ವಾಟ್‌ಗಿಂತ ಮುಖ್ಯವಾದುದು ಒಳಗಿನ ಕನಿಷ್ಠ ಗುರುತು. ಬಹಳಷ್ಟು ಕೆಟಲ್‌ಗಳಲ್ಲಿ ಅದು ಅರ್ಧ ಲೀಟರಿಗಿರುತ್ತದೆ. ಒಂದು ಲೋಟ ಬೇಕಾದಾಗಲೂ ಅರ್ಧ ಲೀಟರ್ ಕಾಯಿಸಿ ಉಳಿದದ್ದನ್ನು ಆರಲು ಬಿಟ್ಟರೆ ಕೆಟಲ್‌ನ ದಕ್ಷತೆಯೆಲ್ಲ ಅಲ್ಲೇ ಮುಗಿಯಿತು. ಒಬ್ಬರು, ಇಬ್ಬರಿರುವ ಮನೆಗೆ 200ರಿಂದ 250 ಮಿಲಿಲೀಟರಿಗೆ ಗುರುತಿರುವ ಸಣ್ಣದನ್ನೇ ಹುಡುಕಿ. ಉಳಿದ ಬಿಸಿನೀರನ್ನು ಒಳ್ಳೆಯ ಫ್ಲಾಸ್ಕಿಗೆ ಸುರಿದಿಟ್ಟರೆ ಮುಂದಿನ ಸರದಿಗೆ ಮತ್ತೆ ಕುದಿಸಬೇಕಾಗಿಲ್ಲ.

ನಿಮ್ಮ ಕೆಟಲ್ ಹೇಗಿದೆ ಎಂದು ನೀವೇ ಅಳೆಯಬಹುದು. ಒಂದು ಲೀಟರ್ ನೀರು ಹಾಕಿ, ಗುಂಡಿ ಒತ್ತಿದ್ದರಿಂದ ಕೊತಕೊತ ಕುದಿಯುವ ತನಕ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಿ. 1500 ವಾಟ್‌ನದು 250 ಸೆಕೆಂಡು ತೆಗೆದುಕೊಂಡರೆ 1.5 × 250 = 375 ಕಿಲೋಜೂಲ್. 314ನ್ನು 375ರಿಂದ ಭಾಗಿಸಿದರೆ ಶೇ. 84. ನೀರು ಮೊದಲು 25 ಡಿಗ್ರಿ ಇರಲಿಲ್ಲವೆಂದಾದರೆ, ಏರಿದ ಒಂದೊಂದು ಡಿಗ್ರಿಗೆ 4.19 ಕಿಲೋಜೂಲ್‌ನಂತೆ ಲೆಕ್ಕ ಹಾಕಿ.

ಪ್ರಶ್ನೆ: ಕೆಟಲ್ ಕುದಿ ಬಂದರೂ ಆರುವುದಿಲ್ಲ, ನಾವೇ ಬಂದ್ ಮಾಡಬೇಕು. ರಿಪೇರಿ ಮಾಡಿಸಬೇಕೇ?

ಉತ್ತರ: ಮೊದಲು ಮುಚ್ಚಳ ನೋಡಿ. ಒಳಗಿನ ಸಣ್ಣ ಕಿಂಡಿಯಿಂದ ಹಬೆ ಹೊರಟು ಹಿಡಿಕೆಯಲ್ಲೋ ತಳದಲ್ಲೋ ಇರುವ ಎರಡು ಲೋಹಗಳ ಬಿಲ್ಲೆಯನ್ನು ಕಾಯಿಸುತ್ತದೆ. ಬಿಲ್ಲೆ ಬಾಗಿದಾಗ ಸ್ವಿಚ್ ಬೀಳುತ್ತದೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಹಬೆ ಬಾಯಿಯಿಂದಲೇ ಹೋಗಿಬಿಡುತ್ತದೆ. ಕಿಂಡಿಯಲ್ಲಿ ಬಿಳಿ ಪುಡಿ ಕಟ್ಟಿದ್ದರೂ ಹೀಗಾಗುತ್ತದೆ, ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸಿ. ನೀರನ್ನು ಗರಿಷ್ಠ ಗುರುತಿನ ಮೇಲೆ ತುಂಬಿದ್ದರೂ ಕುದಿ ಕಿಂಡಿಗೆ ನುಗ್ಗುತ್ತದೆ. ಇವೆಲ್ಲ ಸರಿಯಿದ್ದೂ ಆರದಿದ್ದರೆ ಬಿಲ್ಲೆಯೇ ಸೋತಿದೆ. ಆ ಸ್ವಿಚ್ಚನ್ನು ಬದಲಿಸಬಹುದು.

ತಾತ್ಸಾರ ಬೇಡ. ಕುದಿ ಬಂದ ಮೇಲೆ 1500 ವಾಟ್ ಕೆಟಲ್ ನಿಮಿಷಕ್ಕೆ ಸುಮಾರು 40 ಗ್ರಾಂ ನೀರನ್ನು ಆವಿ ಮಾಡುತ್ತದೆ. ಹತ್ತು ನಿಮಿಷ ಮರೆತರೆ ಕಾಲು ಯೂನಿಟ್ ಹೋಯಿತು, ಅಷ್ಟರಲ್ಲಿ ಎರಡೂವರೆ ಲೀಟರ್ ನೀರನ್ನು ಹೊಸದಾಗಿ ಕುದಿಸಬಹುದಿತ್ತು. ನೀರನ್ನು ಕುದಿಯ ಮಟ್ಟಕ್ಕೆ ತರಲು ಬೇಕಾದ ಶಾಖಕ್ಕಿಂತ ಅದನ್ನು ಪೂರ್ತಿ ಆವಿ ಮಾಡಲು ಬೇಕಾದದ್ದು ಏಳು ಪಟ್ಟು ಹೆಚ್ಚು.

ಪ್ರಶ್ನೆ: ಕುಡಿಯುವ ನೀರನ್ನು ಇಪ್ಪತ್ತು ನಿಮಿಷ ಕುದಿಸಬೇಕು ಎಂದು ಹಿರಿಯರು ಹೇಳುತ್ತಾರೆ. ಅಷ್ಟು ಬೇಕೇ?

ಉತ್ತರ: ಬೇಡ. ಕೊತಕೊತ ಕುದಿ ಬಂದು ಒಂದು ನಿಮಿಷ ಆದರೆ ರೋಗ ತರುವ ಬ್ಯಾಕ್ಟೀರಿಯಾ, ವೈರಸ್, ಅಮೀಬಾದಂಥವು ನಾಶವಾಗುತ್ತವೆ. ಸಮುದ್ರಮಟ್ಟದಿಂದ 2000 ಮೀಟರ್‌ಗಿಂತ ಎತ್ತರದಲ್ಲಿ ನೀರು 93 ಡಿಗ್ರಿಯ ಹತ್ತಿರವೇ ಕುದಿಯುವುದರಿಂದ ಮೂರು ನಿಮಿಷ ಇರಲಿ. ಕದಡಿದ ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಿ, ಮುಚ್ಚಿಟ್ಟೇ ಆರಿಸಿ. ಉರಿ ದೊಡ್ಡದು ಮಾಡಿದರೆ ಕುದಿಯುವ ನೀರು ಇನ್ನಷ್ಟು ಬಿಸಿಯಾಗುವುದಿಲ್ಲ, ಹಬೆ ಮಾತ್ರ ಹೆಚ್ಚುತ್ತದೆ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಇರುವ ನೀರನ್ನು ಹೆಚ್ಚು ಹೊತ್ತು ಕುದಿಸಿದಷ್ಟೂ ನೀರು ಇಂಗಿ ಅವುಗಳ ಸಾಂದ್ರತೆ ಏರುತ್ತದೆ. ಅಂಥ ನೀರಿಗೆ ಕುದಿಸುವುದು ಪರಿಹಾರವೇ ಅಲ್ಲ.

ಪ್ರಶ್ನೆ: ನಮ್ಮದು ಗಡಸು ನೀರು. ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಇದರಿಂದ ವಿದ್ಯುತ್ ಹೆಚ್ಚು ಖರ್ಚಾಗುತ್ತದೆಯೇ?

ಉತ್ತರ: ಸ್ವಲ್ಪ ಮಾತ್ರ. ನಿಜವಾದ ಅಪಾಯ ಎಲಿಮೆಂಟಿಗೆ. ಸುಣ್ಣದ ಪದರ ಕಾವನ್ನು ನೀರಿಗೆ ಬೇಗ ದಾಟಿಸುವುದಿಲ್ಲ, ಎಲಿಮೆಂಟ್ ತಾನೇ ವಿಪರೀತ ಬಿಸಿಯಾಗಿ ರಕ್ಷಣಾ ಸ್ವಿಚ್ ಪದೇಪದೇ ಬೀಳುತ್ತದೆ, ಕೊನೆಗೆ ಎಲಿಮೆಂಟ್ ಸುಟ್ಟುಹೋಗುತ್ತದೆ. ಕಾಯಿಸುವಾಗ ಹಿಂದಿಗಿಂತ ಜೋರಾಗಿ ಸದ್ದು ಬರತೊಡಗಿದರೆ ಪದರ ದಪ್ಪವಾಗಿದೆ ಎಂದು ತಿಳಿಯಿರಿ.

ಕೆಟಲ್‌ನ ಅರ್ಧದಷ್ಟು ನೀರು ಕುದಿಸಿ, ಸ್ವಿಚ್ ಆರಿಸಿ, ಎರಡು ಮೂರು ನಿಮಿಷ ಬಿಡಿ. ಆಮೇಲೆ ಲೀಟರಿಗೆ 25ರಿಂದ 30 ಗ್ರಾಂನಂತೆ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು ಹಾಕಿ. ಕುದಿಯುವಾಗಲೇ ಸುರಿದರೆ ನೊರೆ ಉಕ್ಕಿ ಕೈ ಸುಡುತ್ತದೆ. ಅರ್ಧ ಗಂಟೆಯಲ್ಲಿ ಪದರ ಕರಗುತ್ತದೆ. ಎರಡು ಸಲ ತೊಳೆದು, ಒಮ್ಮೆ ತುಂಬ ನೀರು ಕುದಿಸಿ ಚೆಲ್ಲಿ. ವಿನೆಗರ್‌ಗೆ ಸಮ ಪ್ರಮಾಣದ ನೀರು ಬೆರೆಸಿಯೂ ಮಾಡಬಹುದು, ವಾಸನೆ ಹೋಗಲು ಹೆಚ್ಚು ಸಲ ತೊಳೆಯಬೇಕು ಅಷ್ಟೆ. ಬ್ಲೀಚ್ ಬೇಡ, ಸ್ಟೀಲಿನಲ್ಲಿ ಸಣ್ಣ ಗುಳಿಗಳು ಬೀಳುತ್ತವೆ.

ಪ್ರಶ್ನೆ: ವೋಲ್ಟೇಜ್ ಕಡಿಮೆ ಇದ್ದಾಗ ನೀರು ಕಾಯಲು ತುಂಬ ಹೊತ್ತು ಹಿಡಿಯುತ್ತದೆ. ಯೂನಿಟ್ ಹೆಚ್ಚು ಓಡುತ್ತದೆಯೇ?

ಉತ್ತರ: ಬಹುತೇಕ ಅಷ್ಟೇ. ವೋಲ್ಟೇಜ್ ಶೇ. 10 ಕುಸಿದರೆ ಕೆಟಲ್‌ನ ವಾಟ್ ಶೇ. 19 ಕುಸಿಯುತ್ತದೆ, ಸಮಯ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ.

ಪ್ರಶ್ನೆ: ಸ್ನಾನಕ್ಕೆ ಸ್ವಲ್ಪ ನೀರು ಕುದಿಸಿ ತಣ್ಣೀರು ಬೆರೆಸುವುದು ಒಳ್ಳೆಯದೋ, ಬಕೆಟ್ ಪೂರ್ತಿ ರಾಡ್ ಹಾಕಿ ಬೆಚ್ಚಗೆ ಮಾಡುವುದೋ?

ಉತ್ತರ: 25 ಡಿಗ್ರಿಯ 4 ಲೀಟರ್ ನೀರನ್ನು ಕುದಿಸಿ 16 ಲೀಟರ್ ತಣ್ಣೀರಿಗೆ ಬೆರೆಸಿದರೂ, 20 ಲೀಟರನ್ನು 40 ಡಿಗ್ರಿಗೆ ಕಾಯಿಸಿದರೂ ನೀರಿಗೆ ಬೇಕಾದ ಶಾಖ ಒಂದೇ, ಸುಮಾರು 0.35 ಯೂನಿಟ್. ಆದರೆ ಕುದಿಯುವ ನೀರಿನಿಂದ ಹಬೆಯಾಗಿ, ಪಾತ್ರೆಯ ಮೈಯಿಂದ ಹೋಗುವ ನಷ್ಟ ಜಾಸ್ತಿ. ಹೀಗಾಗಿ ರಾಡ್ ಮುಂದೆ. 1500 ವಾಟ್‌ನದು 15 ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಅಲಾರಂ ಇಟ್ಟುಕೊಳ್ಳಿ, ರಾಡ್ ತಾನಾಗಿ ಆರುವುದಿಲ್ಲ.

ಬಳಸುವಾಗ ಕ್ರಮ ತಪ್ಪಬಾರದು: ಮೊದಲು ರಾಡನ್ನು ಗುರುತಿನ ತನಕ ನೀರಿನಲ್ಲಿ ಮುಳುಗಿಸಿ, ಆಮೇಲೆ ಸ್ವಿಚ್ ಹಾಕಿ. ಪ್ಲಾಸ್ಟಿಕ್ ಬಕೆಟ್ಟಿನ ಗೋಡೆಗೆ ರಾಡ್ ತಾಗದಿರಲಿ, ಲೋಹದ ಬಕೆಟ್ ಬೇಡವೇ ಬೇಡ. ನೀರು ಬಿಸಿಯಾಯಿತೇ ಎಂದು ಬೆರಳದ್ದುವ ಮೊದಲು ಸ್ವಿಚ್ ಆರಿಸಿ ಪ್ಲಗ್ಗನ್ನೂ ಕಿತ್ತಿಡಿ. ಮನೆಯ ವಿದ್ಯುತ್ ಫಲಕದಲ್ಲಿ 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವ ರಕ್ಷಣಾ ಸ್ವಿಚ್ ಇಲ್ಲದಿದ್ದರೆ ಅದನ್ನು ಹಾಕಿಸುವ ತನಕ ರಾಡ್ ಬಳಸದಿರುವುದೇ ಲೇಸು.