ಮಾಡುವವರು ಯಾರೆಂದು ಹೇಳದ ವಾಕ್ಯ

ಹಿರಿಯೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ‘ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರಿನ ಬಗ್ಗೆ ಯಾವ ಪಕ್ಷದವರನ್ನು ಕೇಳಿದರೂ “ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು” ಎನ್ನುತ್ತಾರೆ. ಇವರಿಗೆ ನೇರವಾಗಿ ಮಾತಾಡಲು ಬರುವುದಿಲ್ಲವೋ, ಬೇಕೆಂದೇ ಹೀಗೆ ಆಡುತ್ತಾರೋ?’

ಬರುತ್ತದೆ ಸ್ವಾಮಿ, ಚೆನ್ನಾಗಿಯೇ ಬರುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಕೊಟ್ಟ ಭರವಸೆ ನೆನಪಿಸಿಕೊಳ್ಳಿ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, ತಲೆಗೆ 10 ಕೆ.ಜಿ. ಅಕ್ಕಿ, ಮನೆಗೆ 200 ಯೂನಿಟ್ ಕರೆಂಟು. ಇದಕ್ಕಿಂತ ಬಿಡಿಸಿ ಹೇಳಿದ ಮಾತು ಬೇಕೆ? ಗೆದ್ದು ಆದೇಶ ಹೊರಬಿದ್ದಾಗ ಮಾತ್ರ ಆ 200 ಯೂನಿಟ್, ‘ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ 10, ಒಟ್ಟು 200 ಮೀರದಂತೆ’ ಎಂದಾಯಿತು. ಲೆಕ್ಕದ ದೃಷ್ಟಿಯಿಂದ ಅದು ತಪ್ಪೇನಲ್ಲ. ಆದರೆ ವೇದಿಕೆಯ ಮೇಲೆ ಯಾರೂ ಅಷ್ಟು ಉದ್ದದ ವಾಕ್ಯ ಆಡಿರಲಿಲ್ಲ.

ನಿಮಗೆ ಸಿಟ್ಟು ತರಿಸಿದ ಆ ವಾಕ್ಯವನ್ನೇ ನೋಡಿ. ಅದರಲ್ಲಿ ಕ್ರಮವಿದೆ, ಕೈಗೊಳ್ಳುವವರಿಲ್ಲ. ‘ಸೂಕ್ತ’ ಎಂದರೆ ಏನು, ‘ಶೀಘ್ರ’ ಎಂದರೆ ಎಷ್ಟು ದಿನ ಎಂಬುದೂ ಇಲ್ಲ. ಮನೆಯಲ್ಲಿ ಯಾರಾದರೂ ‘ಸಾಯಂಕಾಲ ಸಾರು ಮಾಡಲಾಗುವುದು’ ಎಂದರೆ ಅಂದು ಉಪವಾಸ ಎಂದೇ ಅರ್ಥ. ಹೀಗೆ ಹೇಳಿದವರನ್ನು ಮುಂದೆ ಸುಳ್ಳುಗಾರ ಎನ್ನಲು ಆಗುವುದಿಲ್ಲ. ಅವರು ಏನನ್ನೂ ಒಪ್ಪಿಕೊಂಡೇ ಇರಲಿಲ್ಲವಲ್ಲ!

ಅಂಕಿ ಬಂದ ಮಾತ್ರಕ್ಕೆ ಮಂಜು ಕರಗಿತು ಎಂದುಕೊಳ್ಳಬೇಡಿ. ಇದಕ್ಕೆ ನಿಮ್ಮ ಯೋಜನೆಯೇ ಸಾಕ್ಷಿ. 2023ರ ಫೆಬ್ರುವರಿ 1ರಂದು ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ನೆರವು ‘ನೀಡಲಾಗುವುದು’ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಓದಿದರು. ಎಷ್ಟು ಎಂಬುದು ಆ ಮಾತಿನಲ್ಲಿತ್ತು. ಯಾವಾಗ, ಎಷ್ಟು ಕಂತಿನಲ್ಲಿ, ಯಾವ ಷರತ್ತಿನ ಮೇಲೆ ಎಂಬುದು ಇರಲಿಲ್ಲ. ಆಮೇಲೆ ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ ದೂರುತ್ತಲೇ ಬಂತು. ರಾಜ್ಯದ ಕಡೆಯವರೂ ನಿಮಗೆ ಕೊಟ್ಟ ಉತ್ತರ ‘ಶೀಘ್ರದಲ್ಲೇ’ ಎಂದೇ ಅಲ್ಲವೇ?

ಎಲ್ಲ ಮಸುಕು ಮಾತೂ ವಂಚನೆ ಎಂದು ನಾನು ಹೇಳುವುದಿಲ್ಲ. ನೆರೆರಾಜ್ಯದೊಂದಿಗೆ ನೀರಿನ ಮಾತುಕತೆ ನಡೆಯುತ್ತಿರುವಾಗ ಸಚಿವರು ಎಲ್ಲವನ್ನೂ ಮೈಕಿನ ಮುಂದೆ ಸುರಿಯಲಾಗದು. ನಿಮ್ಮೂರ ಕಾಲುವೆಗೆ ಆ ರಿಯಾಯಿತಿ ಬೇಕಿಲ್ಲ.

ಈ ಮಸುಕು ಮಾತಿನ ಚಾಳಿಯನ್ನು ನಮ್ಮ ಶಾಸನಸಭೆಗಳು ಎಂದೋ ಗಮನಿಸಿವೆ. ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ 1953ರಿಂದಲೇ ಇದೆ. ಸಚಿವರು ಸದನದಲ್ಲಿ ‘ವಿಷಯ ಪರಿಶೀಲನೆಯಲ್ಲಿದೆ’ ಎಂದರೂ, ಬರೀ ‘ನೋಡುತ್ತೇನೆ’ ಎಂದರೂ ಅದನ್ನು ಭರವಸೆ ಎಂದೇ ಬರೆದುಕೊಂಡು, ಮೂರು ತಿಂಗಳಲ್ಲಿ ಈಡೇರಿಸಬೇಕು ಎನ್ನುವ ಪದ್ಧತಿ ಅಲ್ಲಿದೆ. ಗಡುವು ವಿಸ್ತರಣೆ ಕೇಳುವುದೂ ಮಾಮೂಲು, ಅದು ಬೇರೆ ಮಾತು. ಕರ್ನಾಟಕ ವಿಧಾನಮಂಡಲದಲ್ಲೂ ಇಂಥ ಸಮಿತಿಯಿದೆ. ಆದರೆ ಅದರ ಕೈ ಚಾಚುವುದು ಸದನದೊಳಗಿನ ಮಾತಿಗೆ ಮಾತ್ರ. ವಿಧಾನಸೌಧದ ಮೆಟ್ಟಿಲ ಮೇಲೆ ಟಿ.ವಿ. ಮೈಕಿಗೆ ಆಡಿದ್ದು ಯಾವ ಕಡತಕ್ಕೂ ಹೋಗುವುದಿಲ್ಲ. ಸಚಿವರಿಗೆ ಆ ಮೆಟ್ಟಿಲು ಅಷ್ಟು ಪ್ರಿಯವಾಗಿರಲು ಇದೂ ಒಂದು ಕಾರಣವೆಂದು ನನ್ನ ಗುಮಾನಿ.

ಆದ್ದರಿಂದ ನಿಮ್ಮ ಶಾಸಕರು ಸಿಕ್ಕಾಗ ‘ನೀರು ಯಾವಾಗ’ ಎಂದು ಕೇಳಬೇಡಿ. ಅದಕ್ಕೆ ಉತ್ತರ ತಯಾರಾಗಿಯೇ ಇರುತ್ತದೆ. 5,300 ಕೋಟಿಯಲ್ಲಿ ಇದುವರೆಗೆ ಬಂದದ್ದೆಷ್ಟು, ನಮ್ಮ ಭಾಗದ ಕಾಲುವೆ ಕೆಲಸ ನಿಂತದ್ದು ಯಾವ ಅನುಮತಿಗಾಗಿ, ಅದನ್ನು ಕೊಡಬೇಕಾದವರು ಯಾರು ಎಂದು ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಅಂದರೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆಯಾಗಿ, ಕೇಳಿಸಿ. ಉತ್ತರದ ಪ್ರತಿ ಸಿಕ್ಕರೆ ನಮಗೂ ಒಂದು ಕಳಿಸಿ, ಅಕ್ಷರ ಬದಲಿಸದೆ ಅಚ್ಚು ಹಾಕುತ್ತೇವೆ.

— ಸಂಪಾದಕ