ಟಿಸಿ ಅರ್ಜಿಗೆ ಸಹಿ ಹಾಕಬೇಡಿ

ಪ್ರಶ್ನೆ: ಗಂಡು ಎಂದು ದಾಖಲಾಗಿರುವ ನನ್ನ ಮಗು ತಾನು ಹುಡುಗಿ ಎನ್ನುತ್ತಾಳೆ. 8ನೇ ತರಗತಿ. ಕೂದಲು ಬಿಟ್ಟಿದ್ದಕ್ಕೆ ಪ್ರಾರ್ಥನೆ ಸಾಲಿನಲ್ಲೇ ಕತ್ತರಿಸಿದರು. ಈಗ ‘ಟಿಸಿ ತಗೊಂಡು ಹೋಗಿ’ ಅಂತಿದ್ದಾರೆ. ಏನು ಮಾಡಲಿ?
– ತಾಯಿ, ಚಳ್ಳಕೆರೆ ತಾಲ್ಲೂಕು

ಉತ್ತರ: ಅಮ್ಮಾ, ಟಿಸಿಗೆ ಅರ್ಜಿ ಬರೆದುಕೊಡಬೇಡಿ. ಬರೆದುಕೊಟ್ಟರೆ ‘ಪೋಷಕರೇ ಕೇಳಿದರು’ ಎಂದಾಗುತ್ತದೆ, ಆಮೇಲೆ ನಿಮ್ಮ ದೂರಿನ ಬಲ ಕಡಿಮೆಯಾಗುತ್ತದೆ. ಶಾಲೆಯವರು ಬಾಯಿಮಾತಲ್ಲಿ ಒತ್ತಾಯಿಸುವುದು ಅದಕ್ಕೇ ಇರಬಹುದು.

2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ಎಲ್ಲರೆದುರು ಕೂದಲು ಕತ್ತರಿಸಿದ್ದು ಕಿರುಕುಳವೇ. ಇದನ್ನು ಪ್ರಶ್ನಿಸಲು ಯಾವ ಪ್ರಮಾಣಪತ್ರವೂ ಬೇಕಿಲ್ಲ. ‘ಡಾಕ್ಟರ್ ಸರ್ಟಿಫಿಕೇಟ್ ತನ್ನಿ’ ಎಂದರೆ ಒಪ್ಪಬೇಡಿ. 9ನೇ ತರಗತಿಗೆ ಹೋದ ಮೇಲೂ ಮಗು ಅನಾಥವಲ್ಲ: ತೃತೀಯ ಲಿಂಗಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ತಾರತಮ್ಯ ಮಾಡಬಾರದೆಂದು ಹೇಳುತ್ತದೆ. ದೂರು ಕೇಳಲು ಸಂಸ್ಥೆ ಒಬ್ಬರನ್ನು ನೇಮಿಸಿರಬೇಕು. ಅವರು ಯಾರೆಂದು ಕೇಳಿ.

ದೂರನ್ನು ಮುಖ್ಯಶಿಕ್ಷಕರ ಹೆಸರಿಗೆ ಎರಡು ಪ್ರತಿ ಬರೆಯಿರಿ. ಯಾವ ದಿನ, ಯಾರು, ಯಾವ ಮಾತು ಆಡಿದರು, ಯಾರು ನೋಡಿದರು, ಇಷ್ಟು ಸಾಕು. ಒಂದು ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಮೊಹರೂ ರಸೀದಿಯೂ ಇಲ್ಲದಿದ್ದರೆ ದೂರು ಸೋಲಬಹುದು. ಉತ್ತರ ಬಾರದಿದ್ದರೆ ಅದೇ ಪ್ರತಿಯೊಂದಿಗೆ ಚಳ್ಳಕೆರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ನಂತರ ಚಿತ್ರದುರ್ಗದ ಡಿಡಿಪಿಐ (ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಬಳಿ ಹೋಗಿ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ ನೆರವು ಉಚಿತ. 15100ಕ್ಕೆ ಕರೆ ಮಾಡಿ. ಮಗು ಊಟ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಇದೆಲ್ಲ ಆಮೇಲೆ. ಮೊದಲು ಮಗುವನ್ನು ಒಂಟಿಯಾಗಿ ಬಿಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮ ಶಾಲೆಯಲ್ಲೂ ಇಂಥ ಒಬ್ಬ ವಿದ್ಯಾರ್ಥಿ ಇದ್ದಾರೆ. ಶೌಚಾಲಯದ್ದೇ ಸಮಸ್ಯೆ.
– ಶಿಕ್ಷಕಿ, ಹರಿಹರ

ಉತ್ತರ: ಭಯಕ್ಕೆ ದಿನವಿಡೀ ನೀರು ಕುಡಿಯದೆ ಮೂತ್ರ ಕಟ್ಟಿಕೊಂಡರೆ ಸೋಂಕು ತಗಲಬಹುದು, ತಡ ಮಾಡಬೇಡಿ. ಒಳಗಿಂದ ಚಿಲಕ ಬೀಳುವ, ನೀರಿರುವ ಒಂದು ಕೊಠಡಿ ಸಾಕು. ಅದಕ್ಕೆ ಬೇರೆ ಬೋರ್ಡು ಹಾಕಬೇಡಿ, ಬೀಗದ ಕೈ ಕೇಳಿ ಪಡೆಯುವಂತೆಯೂ ಇರಬಾರದು. ಆಗ ಇಡೀ ಶಾಲೆಗೆ ಗೊತ್ತಾಗುತ್ತದೆ. ಎಲ್ಲಿ ಹೋಗಲು ಧೈರ್ಯ ಎಂದು ಆ ವಿದ್ಯಾರ್ಥಿಯನ್ನೇ, ಒಬ್ಬರೇ ಇದ್ದಾಗ ಕೇಳಿ. ಹಾಜರಿ ಕೂಗುವಾಗ ಯಾವ ಹೆಸರು ಬೇಕೆಂಬುದನ್ನೂ ಆಗಲೇ ಕೇಳಿಬಿಡಿ.